ನಿಷಿದ್ಧ ವಲಯದ ಸೆರೀನ್

ಕೊಬ್ಬನ್ನು ಒಡೆಯುವ ಒಂದು ಬ್ಯಾಕ್ಟೀರಿಯಾ ಕಿಣ್ವದ ರಚನೆಯನ್ನು ಕಂಡುಹಿಡಿಯುವುದು ನಾನು ಸಂಶೋಧನೆಗೆ ಸೇರಿದಾಗ ಸಿಕ್ಕ ಮೊದಲ ಕೆಲಸ. ಆ ಪ್ರೋಟೀನನ್ನು ಶುದ್ಧೀಕರಿಸಿ, ಸ್ಫಟಿಕವಾಗಿಸಿ, ಸುಮಾರು 100 ಕೆಲ್ವಿನ್‌ಗೆ ತಣಿಸಿ, ಸಿಂಕ್ರೊಟ್ರಾನ್ ಎಂಬ ಕಣವೇಗವರ್ಧಕ ಯಂತ್ರದ ಎಕ್ಸ್-ಕಿರಣಕ್ಕೆ ಒಡ್ಡಿದ ದಿನಗಳ ಬಗ್ಗೆಯೂ ಹೇಳುವುದು ಬಹಳವಿದೆ. ಆದರೆ ಈ ವೃತ್ತಿಯಲ್ಲಿ ನನ್ನನ್ನು ನೆಲೆಗೊಳಿಸಿದ್ದು ಕಂಪ್ಯೂಟರಿನ ಮುಂದೆ ಕಳೆದ ಒಂದು ದಿನ.

ಸ್ಫಟಿಕದಿಂದ ಚದುರಿದ ಎಕ್ಸ್-ಕಿರಣಗಳು ಮೂಡಿಸುವ ಚುಕ್ಕೆಗಳ ತೀವ್ರತೆಯನ್ನು ಅಳೆಯಬಹುದು, ಅಲೆಗಳ ಫೇಸ್ (ಏರಿಳಿತದಲ್ಲಿ ಅಲೆ ಇರುವ ಹಂತ) ಮಾತ್ರ ಅಳತೆಗೆ ಸಿಗುವುದಿಲ್ಲ; ಅದಿಲ್ಲದೆ ರಚನೆ ಕಾಣುವುದಿಲ್ಲ. ಮೀಥಿಯೋನಿನ್ ಎಂಬ ಅಮೈನೋ ಆಮ್ಲದಲ್ಲಿರುವ ಗಂಧಕದ ಜಾಗದಲ್ಲಿ ಸೆಲೆನಿಯಂ ಇರುವಂತೆ ಪ್ರೋಟೀನನ್ನು ತಯಾರಿಸಿ, ಆ ಪರಮಾಣುಗಳ ನೆರವಿನಿಂದ ನಾವು ಫೇಸ್ ಪಡೆದೆವು. ಆಮೇಲೆಯೇ ಪರಮಾಣುಗಳು ಎಲ್ಲೆಲ್ಲಿವೆ ಎಂದು ತೋರಿಸುವ ಇಲೆಕ್ಟ್ರಾನ್ ಸಾಂದ್ರತೆಯ ನಕ್ಷೆ ಮೂಡಿತು, ಅದರೊಳಗೆ ಪ್ರೋಟೀನ್ ಸರಪಳಿಯ ಕೊಂಡಿಗಳಾದ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಕೂರಿಸಿ ಮಾದರಿ ಕಟ್ಟಿದೆ.

ಆ ದಿನ ಮಾದರಿಯನ್ನು ರಾಮಚಂದ್ರನ್ ನಕ್ಷೆಯಲ್ಲಿ ಪರೀಕ್ಷಿಸುತ್ತಿದ್ದೆ. ಪರಮಾಣುಗಳು ಒಂದಕ್ಕೊಂದು ತಾಗದಂತೆ ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು ಎಂಬುದನ್ನು ಜಿ.ಎನ್. ರಾಮಚಂದ್ರನ್, ರಾಮಕೃಷ್ಣನ್ ಮತ್ತು ಶಶಿಶೇಖರನ್ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಲೆಕ್ಕಹಾಕಿ 1963ರಲ್ಲಿ ಪ್ರಕಟಿಸಿದರು. ಆ ಕೋನಗಳ ನಕ್ಷೆಯಲ್ಲಿ ಸಾಧ್ಯವಾದವು ಅನುಮತ ವಲಯ, ಉಳಿದವು ನಿಷಿದ್ಧ ವಲಯ. ಪರಮಾಣು ಮಟ್ಟದಲ್ಲಿ ಕಂಡುಹಿಡಿದ ಪ್ರೋಟೀನ್ ರಚನೆಗಳು ಜಗತ್ತಿನಲ್ಲಿ ತೀರಾ ವಿರಳವಾಗಿದ್ದ ಕಾಲವದು. ಅದನ್ನು ನೆನೆದಾಗಲೆಲ್ಲ ನನಗೆ ಈಗಲೂ ಅಚ್ಚರಿಯಾಗುತ್ತದೆ.

ನನ್ನ ಮಾದರಿಯ ಬಿಂದುಗಳೆಲ್ಲ ಅನುಮತ ವಲಯಗಳಲ್ಲಿದ್ದವು, ಸೆರೀನ್ ಎಂಬ ಒಂದು ಅಮೈನೋ ಆಮ್ಲ ಮಾತ್ರ ನಿಷಿದ್ಧ ವಲಯದಲ್ಲಿ ಒಂಟಿಯಾಗಿತ್ತು. ಕೋನವನ್ನು ತಿರುಗಿಸಿ ಒಳಗೆ ತರುವುದು ಕ್ಷಣದ ಕೆಲಸ. "ಅದನ್ನು ಮುಟ್ಟುವ ಮೊದಲು ಸಾಂದ್ರತೆ ಏನು ಹೇಳುತ್ತದೆ ನೋಡಿ" ಎಂದರು ಮಾರ್ಗದರ್ಶಕರು. ಆ ಸೆರೀನನ್ನು ಮಾದರಿಯಿಂದ ತೆಗೆದುಹಾಕಿ ಸಾಂದ್ರತೆಯ ನಕ್ಷೆಯನ್ನು ಮತ್ತೆ ಲೆಕ್ಕಹಾಕಿದೆ. ಸಾಂದ್ರತೆ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಮರಳಿ ಬಂತು, ಅಂದರೆ ಸೆರೀನ್ ನಿಜವಾಗಿ ಅಲ್ಲೇ ಇತ್ತು. ಸರಪಳಿಯ ಬೆನ್ನೆಲುಬಿನ ಆಮ್ಲಜನಕದ ಉಬ್ಬು ಕೂಡ ಸ್ಪಷ್ಟವಾಗಿತ್ತು. ಅನಂತರ ಸುತ್ತಲೂ ನೋಡಿದೆ: ಪಕ್ಕದಲ್ಲಿ ಹಿಸ್ಟಿಡೀನ್, ಅದರಾಚೆ ಆಸ್ಪಾರ್ಟೇಟ್. ಸೆರೀನ್ ಸೇರಿ, ಕೊಬ್ಬನ್ನು ಒಡೆಯುವ ಮೂವರೂ ಅಲ್ಲಿದ್ದರು. ಸರಪಳಿಯ ಚಾಚಿದ ಭಾಗವಾದ ಬೀಟಾ ಎಳೆ ಮುಗಿದು, ಸುತ್ತಿಕೊಂಡ ಭಾಗವಾದ ಆಲ್ಫಾ ಸುರುಳಿ ಶುರುವಾಗುವ ಬಿಗಿಯಾದ ತಿರುವಿನಲ್ಲಿ ಆ ಸೆರೀನ್ ಕುಳಿತಿತ್ತು. ಕ್ರಿಯೆಗೆ ಸಜ್ಜಾಗಿ ಮುಂಚಾಚಿರಲು ಅದು ಅಷ್ಟು ಒತ್ತಡವನ್ನು ತಾಳಿಕೊಳ್ಳಲೇಬೇಕಿತ್ತು. ಈ ಕಿಣ್ವಗಳ ಕುಟುಂಬದಲ್ಲೆಲ್ಲ ಹಾಗೆಯೇ ಇರುತ್ತದೆಂದು ಓದಿದ್ದೆ, ಆದರೆ ನನ್ನದೇ ನಕ್ಷೆಯಲ್ಲಿ ಅದನ್ನು ಕಂಡಾಗಿನ ಸಂತೋಷ ಓದಿನಿಂದ ಬರುವಂಥದ್ದಲ್ಲ.

ರಚನೆಯನ್ನು ಪ್ರೋಟೀನ್ ರಚನೆಗಳ ಭಂಡಾರವಾದ ಪ್ರೋಟೀನ್ ಡೇಟಾ ಬ್ಯಾಂಕಿಗೆ ಸಲ್ಲಿಸಿದಾಗ ತಪಾಸಣಾ ವರದಿಯೂ ಆ ಸೆರೀನನ್ನು ಎತ್ತಿ ತೋರಿಸಿತು. ಅದನ್ನು ಇದ್ದಂತೆಯೇ ಉಳಿಸಿಕೊಂಡು, ಕಾರಣವನ್ನು ನಮ್ಮ ಪ್ರಬಂಧದಲ್ಲಿ ವಿವರವಾಗಿ ಬರೆದೆವು.