ಆರು ಗಂಟೆಯ ಉಪನ್ಯಾಸ, ಏಳೂವರೆಯ ಗೇಟು

1998ರ ಜೂನ್‌ನಲ್ಲಿ ಕಾಲೇಜು ಮತ್ತೆ ಶುರುವಾದಾಗ ನಾನು ಬಿ.ಎ. ಎರಡನೇ ವರ್ಷ. ಬೇಸಿಗೆ ರಜೆಯನ್ನು ಪುತ್ತೂರಿನಲ್ಲಿ ಕಳೆದು ಬಂದಿದ್ದೆ. ಆ ರಜೆಯನ್ನು ಮರೆಯುವ ಹಾಗಿಲ್ಲ. ಮೇ 11ರ ಸಂಜೆ ಪೋಖ್ರಾನ್ ಸುದ್ದಿ ಬಂತು. ಒಂದೇ ದಿನ ಮೂರು ಅಣು ಪರೀಕ್ಷೆ. 13ರಂದು ಇನ್ನೆರಡು. ನಮ್ಮ ಬಸ್‌ಸ್ಟ್ಯಾಂಡ್ ಹತ್ತಿರ ಲಡ್ಡು ಹಂಚಿದರು, ನಾನೂ ತಿಂದೆ. ಮೇ 28 ಮತ್ತು 30ರಂದು ಪಾಕಿಸ್ತಾನವೂ ಬಲೂಚಿಸ್ತಾನದಲ್ಲಿ ಪರೀಕ್ಷೆ ಮಾಡಿತು. ಅವತ್ತು ಯಾರೂ ಏನೂ ಹಂಚಲಿಲ್ಲ.

ಕಾಲೇಜಿನ ಮೊದಲ ತರಗತಿಯಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು ಅಟೆಂಡೆನ್ಸ್ ಕೂಡ ತೆಗೆದುಕೊಳ್ಳದೆ ಕೇಳಿದರು: "ಮೇ ತಿಂಗಳಲ್ಲಿ ಯಾರಿಗೆಲ್ಲ ಖುಷಿಯಾಯ್ತು? ಕೈ ಎತ್ತಿ." ಮುಕ್ಕಾಲು ತರಗತಿ ಕೈ ಎತ್ತಿತು. "ಯಾರಿಗೆ ಭಯ ಆಯ್ತು?" ಈ ಸಲ ಹತ್ತೋ ಹನ್ನೆರಡೋ ಕೈ. "ಎರಡು ಸಲವೂ ಕೈ ಎತ್ತಿದವರು ಶನಿವಾರ ಸಂಜೆ ನನ್ನ ಜೊತೆ ಬನ್ನಿ" ಎಂದರು. ನಾವು ಐದು ಜನ ಇದ್ದೆವು.

ಹೀಗೆ ಶುರುವಾಯಿತು ನಮ್ಮ ಶನಿವಾರ. ಮುಂದಿನ ಎರಡು ವರ್ಷ, ಪರೀಕ್ಷೆಯ ವಾರಗಳನ್ನು ಬಿಟ್ಟರೆ, ಅದು ತಪ್ಪಿದ್ದು ಕಡಿಮೆ. ಸಾರ್ವಜನಿಕ ಉಪನ್ಯಾಸ ಕೇಳಲು ಕಾಲೇಜಿನಿಂದ ನಡೆದುಕೊಂಡೇ ಹೋಗುತ್ತಿದ್ದೆವು. ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಬುಲ್ ಟೆಂಪಲ್ ರಸ್ತೆಯಲ್ಲಿ, ಡಿ.ವಿ.ಜಿ. ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಎರಡೂ ಹುಟ್ಟಿದ್ದು 1945ರಲ್ಲಿ. ಒಂದು ಕಡೆ ಮಹಾಯುದ್ಧ ಮುಗಿಯುತ್ತಿತ್ತು, ಹಿರೋಶಿಮಾ ಸುಟ್ಟುಹೋಗಿತ್ತು. ಅದೇ ವರ್ಷ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಜನ ಕೂತು ಮಾತಾಡಲಿ ಎಂದು ಎರಡು ಬಾಗಿಲು ತೆರೆದರು. ಇದನ್ನು ಮೇಷ್ಟ್ರು ನಡೆಯುತ್ತಾ ಹೇಳಿದ್ದರು. ನನಗೆ ಇವತ್ತಿಗೂ ಅದು ದೊಡ್ಡ ವಿಷಯ. ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರ ಬೆಂಗಳೂರು ಸೈನ್ಸ್ ಫೋರಂ 1962ರಿಂದ ನಡೆಯುತ್ತಿತ್ತು. ಅಪರೂಪಕ್ಕೆ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಆವರಣದಲ್ಲಿರುವ ನಿಯಾಸ್‌ಗೂ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್) ಹೋಗುತ್ತಿದ್ದೆವು. 1974ರ ಮೊದಲ ಪೋಖ್ರಾನ್ ಪರೀಕ್ಷೆಯ ಮುಂದಾಳು ರಾಜಾ ರಾಮಣ್ಣನವರೇ ಆ ಸಂಸ್ಥೆಯ ಮೊದಲ ನಿರ್ದೇಶಕರು. ತುಮಕೂರಿನಲ್ಲಿ ಹುಟ್ಟಿದವರು. ಆದರೆ ಅಲ್ಲಿಗೆ ಎರಡು ಬಸ್ ಬದಲಾಯಿಸಬೇಕಿತ್ತು.

ಎಲ್ಲ ಕಡೆಯೂ ಟಿಕೆಟ್ ಇಲ್ಲ, ಗುರುತಿನ ಚೀಟಿ ಇಲ್ಲ. ಸರಿಯಾಗಿ ಆರು ಗಂಟೆಗೆ ಶುರು. ಮುಂದಿನ ಸಾಲಿನಲ್ಲಿ ಪಿಂಚಣಿದಾರರು, ಹಿಂದೆ ನಮ್ಮಂಥವರು, ಬಾಗಿಲ ಬಳಿ ಮಳೆಗೆ ಒಳಗೆ ಬಂದವರು. ಮಾತಾಡುವವರು ನಿವೃತ್ತ ರಾಯಭಾರಿಯೋ, ಸೇನಾಧಿಕಾರಿಯೋ, ವಿಜ್ಞಾನಿಯೋ, ವಿಶ್ವವಿದ್ಯಾಲಯದ ಪ್ರೊಫೆಸರೋ ಆಗಿರುತ್ತಿದ್ದರು. ಒಂದು ವಾರ ಒಬ್ಬರು ಬಾಂಬ್ ಬೇಕು ಎನ್ನುತ್ತಿದ್ದರು. ಇನ್ನೊಂದು ವಾರ ಇನ್ನೊಬ್ಬರು ಬೇಡವೇ ಬೇಡ ಎನ್ನುತ್ತಿದ್ದರು. ಅಷ್ಟೇ ಜನ ಅಷ್ಟೇ ಗಮನದಿಂದ ಇಬ್ಬರನ್ನೂ ಕೇಳುತ್ತಿದ್ದರು.

ನಮ್ಮ ಹಾಸ್ಟೆಲಿನ ಗೇಟು ಹುಡುಗಿಯರಿಗೆ ಏಳೂವರೆಗೆ ಮುಚ್ಚುತ್ತಿತ್ತು. ಭಾಷಣ ಏಳಕ್ಕೆ ಮುಗಿಯುತ್ತಿತ್ತು. ಪ್ರಶ್ನೋತ್ತರ ಶುರುವಾಗುವುದೇ ಆಮೇಲೆ. ಮೊದಲ ಮೂರು ವಾರ ನಾನೂ ನನ್ನ ಗೆಳತಿಯೂ ಪ್ರಶ್ನೆಗಳು ಏಳುವ ಹೊತ್ತಿಗೆ ಎದ್ದು ಓಡಿದೆವು. ಹುಡುಗರು ಸೋಮವಾರ ಬಂದು ಯಾರು ಏನು ಕೇಳಿದರು ಎಂದು ವರದಿ ಕೊಡುತ್ತಿದ್ದರು. ನನಗೆ ತುಂಬಾ ಸಂಕಟವಾಗುತ್ತಿತ್ತು. ಕೊನೆಗೆ ಮೇಷ್ಟ್ರು ವಾರ್ಡನ್‌ಗೆ ಒಂದು ಕಾಗದ ಬರೆದರು. "ಈ ಮಕ್ಕಳು ಉತ್ತರ ಕೇಳಿಸಿಕೊಂಡು ಬರುತ್ತಿದ್ದಾರೆ. ಪ್ರಶ್ನೆ ಕೇಳಲು ಇನ್ನೊಂದು ಗಂಟೆ ಬೇಕು" ಎಂದು ಅದರಲ್ಲಿತ್ತು. ಶನಿವಾರಗಳಿಗೆ ಮಾತ್ರ ಎಂಟೂವರೆ ಆಯಿತು. ಆ ಒಂದು ಗಂಟೆ ನನ್ನ ಜೀವನದಲ್ಲಿ ಏನು ಮಾಡಿತು ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಕೇಳಿದ ಮೊದಲ ಪ್ರಶ್ನೆ ಹಾಳಾಯಿತು. ಅದು ಯಾವ ಸಭಾಂಗಣ ಎನ್ನುವುದು ಬೇಡ. ಅಲ್ಲಿ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕೊಡಬೇಕಿತ್ತು. ಅಣ್ವಸ್ತ್ರವನ್ನು ನಾವು ಮೊದಲು ಬಳಸುವುದಿಲ್ಲ ಎಂದು ನಮ್ಮ ಸರ್ಕಾರ ಹೇಳಿತ್ತಲ್ಲ, ಅದರ ಬಗ್ಗೆ ಭಾಷಣ. ನನಗೆ ಇಂಗ್ಲಿಷ್ ಅರ್ಥವಾಗುತ್ತಿತ್ತು, ಬರೆಯಲು ಧೈರ್ಯವಿರಲಿಲ್ಲ. ಕನ್ನಡದಲ್ಲೇ ಬರೆದೆ: "ನಾವು ಹೀಗೆ ಮಾತು ಕೊಟ್ಟರೆ ಎದುರಿನವರು ಅದನ್ನು ಯಾಕೆ ನಂಬಬೇಕು?" ಅಧ್ಯಕ್ಷರು ಚೀಟಿ ನೋಡಿ ಇಂಗ್ಲಿಷ್‌ನಲ್ಲಿ ಓದಿ ಹೇಳಿದರು. ಅವಸರದಲ್ಲಿ ಅದು ತಿರುಗುಮುರುಗಾಯಿತು. ಎದುರಿನವರು ಮಾತು ಕೊಟ್ಟರೆ ನಾವು ಯಾಕೆ ನಂಬಬೇಕು ಎಂದಾಯಿತು. ಭಾಷಣಕಾರರು ಖುಷಿಯಿಂದ ಐದು ನಿಮಿಷ ಮಾತಾಡಿದರು. ಯಾಕೆ ನಂಬಲೇಬಾರದು ಎಂದು ವಿವರಿಸಿದರು. ಜನ ಚಪ್ಪಾಳೆ ತಟ್ಟಿದರು. ನಾನು ಕೂತೇ ಇದ್ದೆ.

ವಾಪಸ್ ಬರುವಾಗ ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುತ್ತಾ ಮೇಷ್ಟ್ರಿಗೆ ಹೇಳಿದೆ. ಅವರು ಸಮಾಧಾನ ಹೇಳಲಿಲ್ಲ. "ನಿನ್ನ ಪ್ರಶ್ನೆ ಒಬ್ಬರ ಕೈ ದಾಟುವಷ್ಟರಲ್ಲಿ ಹಿಂದುಮುಂದಾಯ್ತು. ಎರಡು ಸರ್ಕಾರಗಳ ಮಧ್ಯೆ ಎಷ್ಟು ಕೈ ಇರುತ್ತೆ ಯೋಚನೆ ಮಾಡಮ್ಮ" ಎಂದರು. ಸುಮ್ನೆ ಹೇಳಿದ ಮಾತಿನ ಹಾಗಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಅಲ್ಲಿಂದ ಮುಂದೆ ನಾನು ಭಾಷಣಗಳನ್ನು ಬೇರೆ ಕಿವಿಯಿಂದ ಕೇಳತೊಡಗಿದೆ. ಯಾರ ಹತ್ತಿರ ಎಷ್ಟು ಬಾಂಬ್ ಇದೆ ಎಂಬ ಲೆಕ್ಕ ನೋಟ್‌ಬುಕ್ಕಿನಲ್ಲಿ ಕಡಿಮೆಯಾಯಿತು. ಸುದ್ದಿ ಯಾರಿಂದ ಯಾರಿಗೆ, ಎಷ್ಟು ಹೊತ್ತಿನಲ್ಲಿ, ಯಾವ ಭಾಷೆಯಲ್ಲಿ ಹೋಯಿತು ಎನ್ನುವುದು ಜಾಸ್ತಿಯಾಯಿತು. 1962ರ ಅಕ್ಟೋಬರ್‌ನಲ್ಲಿ ಕ್ಯೂಬಾ ವಿಷಯಕ್ಕೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಯುದ್ಧದ ಅಂಚಿಗೆ ಬಂದಾಗ ಸೋವಿಯತ್ ನಾಯಕ ಕ್ರುಶ್ಚೇವ್ ಬರೆದ ಒಂದು ಉದ್ದನೆಯ ಪತ್ರ ವಾಷಿಂಗ್ಟನ್ ತಲುಪಿ ಅರ್ಥವಾಗಲು ಸುಮಾರು 12 ಗಂಟೆ ಹಿಡಿಯಿತು. ಅದಕ್ಕೇ ಮರುವರ್ಷ ಎರಡೂ ರಾಜಧಾನಿಗಳ ಮಧ್ಯೆ ನೇರ ಸಂಪರ್ಕದ ಹಾಟ್‌ಲೈನ್ ಬಂತು. ಎಲ್ಲರೂ ಅದನ್ನು ಕೆಂಪು ಟೆಲಿಫೋನ್ ಅಂದುಕೊಂಡಿದ್ದಾರೆ. ಅಲ್ಲಿ ಫೋನೇ ಇರಲಿಲ್ಲ, ಟೆಲಿಪ್ರಿಂಟರ್ ಇತ್ತು. ಬಾಯಿಮಾತು ಅವಸರದ ಅನುವಾದದಲ್ಲಿ ಕೆಡುತ್ತದೆ. ಆದ್ದರಿಂದ ಅವರವರ ಭಾಷೆಯಲ್ಲಿ ಬರೆದು ಕಳಿಸುವುದು, ಓದುವವರು ನಿಧಾನವಾಗಿ ಅನುವಾದ ಮಾಡಿಕೊಳ್ಳುವುದು. ಇದನ್ನು ಒಬ್ಬ ನಿವೃತ್ತ ರಾಯಭಾರಿ ವಿವರಿಸುತ್ತಿದ್ದಾಗ ನನಗೆ ನನ್ನ ಚೀಟಿಯೇ ಕಣ್ಣ ಮುಂದೆ ಬಂತು.

ಇನ್ನೊಂದು ಸಂಜೆ ವಿಶ್ವಸಂಸ್ಥೆಯ ಬಗ್ಗೆ ಭಾಷಣ. ಭಾಷಣಕಾರರು ಸಭೆಯನ್ನೇ ಕೇಳಿದರು: 1950ರ ಜೂನ್ 25ರಂದು, ಕೊರಿಯಾ ಯುದ್ಧ ಶುರುವಾದ ದಿನ, ಭದ್ರತಾ ಮಂಡಳಿಯ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದವರು ಯಾರು? ಯಾರಿಗೂ ಗೊತ್ತಿರಲಿಲ್ಲ. ಬೆನಗಲ್ ನರಸಿಂಗ ರಾವ್! ನಮ್ಮ ದಕ್ಷಿಣ ಕನ್ನಡದವರು. ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದರು ಎಂದಷ್ಟೇ ನಾನು ಓದಿದ್ದೆ. ಆ ದಿನದ ಸಭೆಗೆ ಸೋವಿಯತ್ ಪ್ರತಿನಿಧಿ ಬಂದಿರಲಿಲ್ಲ. ಚೀನಾದ ಕುರ್ಚಿ ಅಲ್ಲಿನ ಯಾವ ಸರ್ಕಾರಕ್ಕೆ ಸೇರಬೇಕು ಎಂಬ ಜಗಳದಲ್ಲಿ ಅವರು ಸಭೆಯನ್ನೇ ಬಹಿಷ್ಕರಿಸಿದ್ದರು. ಎರಡು ದಿನ ಕಳೆದು ದಕ್ಷಿಣ ಕೊರಿಯಾಕ್ಕೆ ಸೇನಾ ನೆರವು ಕೊಡುವ ನಿರ್ಣಯ ಬಂದಾಗ ದೆಹಲಿಯಿಂದ ಸೂಚನೆ ಬಂದಿರಲಿಲ್ಲ. ಅಧ್ಯಕ್ಷರಾಗಿ ಸಭೆ ನಡೆಸುತ್ತಿದ್ದ ರಾಯರಿಗೆ ಭಾರತದ ಪರವಾಗಿ ಮತ ಹಾಕಲಾಗಲಿಲ್ಲ. ಅಲ್ಲೂ ಅದೇ ಕಥೆ, ಅಲ್ವಾ? ಸುದ್ದಿ ಇನ್ನೂ ದಾರಿಯಲ್ಲಿತ್ತು.

ಅದೇ ಯುದ್ಧ ನಿಂತಮೇಲೆ ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಗತಿ ಏನು ಎಂದು ತೀರ್ಮಾನಿಸಲು ಐದು ತಟಸ್ಥ ದೇಶಗಳ ಒಂದು ಆಯೋಗ ಆಯಿತು. ಅದರ ಅಧ್ಯಕ್ಷರು ಕೊಡಗಿನ ಜನರಲ್ ತಿಮ್ಮಯ್ಯ. ಪುತ್ತೂರಿನಿಂದ ಸುಳ್ಯ ದಾಟಿ ಘಾಟಿ ಹತ್ತಿದರೆ ಅವರ ಮಡಿಕೇರಿ. ಅಲ್ಲಿಯವರೆಗೆ ಕೊರಿಯಾ ನನಗೆ ಪರೀಕ್ಷೆಗೆ ಬರುವ ಐದು ಅಂಕದ ಟಿಪ್ಪಣಿ ಆಗಿತ್ತು. ಆ ಸಂಜೆ ನಾನು ಊರಿಗೆ ಕಾಗದ ಬರೆದು ಅಪ್ಪನಿಗೆ ಇದನ್ನೆಲ್ಲ ತಿಳಿಸಿದೆ.

ಈಗ ಆ ಯಜಮಾನರ ವಿಷಯಕ್ಕೆ ಬರುತ್ತೇನೆ. ಅವರ ಹೆಸರು ನಮಗೆ ಗೊತ್ತೇ ಆಗಲಿಲ್ಲ. ಯಾವಾಗಲೂ ಎರಡನೇ ಸಾಲು, ಬಲಗಡೆಯ ಕೊನೆಯ ಕುರ್ಚಿ. ಕಾಲಿನ ಮಧ್ಯೆ ಕೊಡೆ. ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು ಎಂದು ಯಾರೋ ಹೇಳಿದ್ದರು. 1999ರ ಮಳೆಗಾಲ, ಕಾರ್ಗಿಲ್ ಯುದ್ಧ ಮುಗಿದು ಕೆಲವೇ ವಾರಗಳು. ಹಾಲ್ ತುಂಬಿ ಜನ ಹೊರಗಿನ ಮೆಟ್ಟಿಲ ಮೇಲೂ ನಿಂತಿದ್ದರು. ಮಾತಾಡಿದ್ದು ಒಬ್ಬ ನಿವೃತ್ತ ಸೇನಾಧಿಕಾರಿ. ಕ್ಷಿಪಣಿಗಳ ದೂರ, ತೂಕ, ಗುರಿ ಎಲ್ಲ ಹೇಳಿದರು. ಪ್ರಶ್ನೆಯ ಹೊತ್ತು ಬಂದಾಗ ಯಜಮಾನರು ಎದ್ದು ನಿಂತು ಕನ್ನಡದಲ್ಲೇ ಕೇಳಿದರು:

"ಸ್ವಾಮಿ, ಅಲ್ಲಿಂದ ಹೊರಟದ್ದು ಇಲ್ಲಿಗೆ ಬೀಳೋಕೆ ಎಷ್ಟು ನಿಮಿಷ?"

"ದೆಹಲಿಗಾದರೆ ಹತ್ತು ನಿಮಿಷವೂ ಬೇಡ" ಎಂದರು ಅವರು. ಅಮೆರಿಕ–ರಷ್ಯಾ ಮಧ್ಯೆ ಅರ್ಧ ಗಂಟೆಯಾದರೂ ಸಿಗುತ್ತದೆ, ನಾವು ಅಕ್ಕಪಕ್ಕದ ಮನೆಯವರು ಎಂದೂ ಸೇರಿಸಿದರು.

"ಆ ಹತ್ತು ನಿಮಿಷದಲ್ಲಿ ಯಾರು ಯಾರಿಗೆ ಫೋನ್ ಮಾಡ್ತಾರೆ?"

ಹಾಲ್ ನಿಶ್ಶಬ್ದವಾಯಿತು. ಆ ಅಧಿಕಾರಿ ದೊಡ್ಡ ಮನುಷ್ಯರು, ಜಾರಿಕೊಳ್ಳಲಿಲ್ಲ. ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತು ಮಾತಾಡಿದರು. ಎರಡೂ ಸೇನೆಗಳ ಕಾರ್ಯಾಚರಣೆಯ ಮುಖ್ಯಸ್ಥರ ನಡುವೆ, ಅಂದರೆ ಡಿಜಿಎಂಒಗಳ ನಡುವೆ, ಒಂದು ನೇರ ಫೋನ್ ಇದೆ ಎಂದರು. ಗುಂಡು ಹಾರುತ್ತಿದ್ದಾಗಲೂ ಅದನ್ನು ಕಿತ್ತುಹಾಕಿಲ್ಲ ಎಂದರು. ಇನ್ನೊಂದು ವಿಷಯವನ್ನೂ ಹೇಳಿದರು. ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಎಂದು ಎರಡೂ ದೇಶಗಳು 1988ರ ಡಿಸೆಂಬರ್ 31ರಂದು ಒಪ್ಪಂದ ಮಾಡಿಕೊಂಡಿವೆ. 1991ರ ಜನವರಿಯಲ್ಲಿ ಅದು ಜಾರಿಗೆ ಬಂತು. ಅದರಂತೆ ಪ್ರತಿ ವರ್ಷ ಜನವರಿ 1ರಂದು ದೆಹಲಿಯಲ್ಲೂ ಇಸ್ಲಾಮಾಬಾದಿನಲ್ಲೂ ಏಕಕಾಲಕ್ಕೆ ಪಟ್ಟಿ ಕೊಟ್ಟು ತೆಗೆದುಕೊಳ್ಳುತ್ತಾರೆ. ಇವು ನಮ್ಮ ಸ್ಥಾವರಗಳು, ಇಲ್ಲಿಗೆ ಹೊಡೆಯಬೇಡಿ ಎಂದು. 1992ರಿಂದ ಒಂದು ವರ್ಷವೂ ತಪ್ಪಿಲ್ಲ.

ಯಜಮಾನರು "ಅಷ್ಟಿದ್ದರೆ ಸರಿ" ಎಂದು ಕೂತರು. ಹೊರಗೆ ಮಳೆ ಬಿಟ್ಟಿತ್ತು. ಅವರು ಕೊಡೆ ಮರೆತು ಹೊರಟಾಗ ನಾನೇ ಓಡಿಹೋಗಿ ಕೊಟ್ಟೆ. "ಓದ್ತಿದ್ದೀಯಾಮ್ಮ? ಓದು" ಎಂದಷ್ಟೇ ಅವರು ನನ್ನ ಹತ್ತಿರ ಆಡಿದ ಮಾತು.

2000ದ ಜನವರಿ 3, ಸೋಮವಾರ. ಮೇಷ್ಟ್ರು ಹಿಂದಿನ ದಿನದ ಪೇಪರ್ ಹಿಡಿದು ಸ್ಟಾಫ್ ರೂಮಿನ ಹೊರಗೇ ನಿಂತಿದ್ದರು. ಡಿಸೆಂಬರ್ 24ರಂದು ವಿಮಾನ ಅಪಹರಣವಾಗಿತ್ತು, ಕಂದಹಾರ್‌ನಿಂದ ಪ್ರಯಾಣಿಕರು ಬಿಡುಗಡೆಯಾದದ್ದು ಡಿಸೆಂಬರ್ 31ರಂದು. ದೇಶವೆಲ್ಲ ಸಿಟ್ಟಿನಲ್ಲಿ ಕುದಿಯುತ್ತಿತ್ತು. ಮರುದಿನವೇ ಆ ಪಟ್ಟಿ ಕೈ ಬದಲಾಗಿತ್ತು. ಮೇಷ್ಟ್ರು ಬೆರಳಿಟ್ಟು ತೋರಿಸಿದ ಸುದ್ದಿ ನಾಲ್ಕು ಸಾಲಿನದು, ಒಳಪುಟದ ಮೂಲೆಯಲ್ಲಿತ್ತು. "ಇದನ್ನು ಹುಡುಕಿ ಓದೋ ಅಭ್ಯಾಸ ಇಟ್ಟುಕೋ" ಎಂದರು.

ಇಟ್ಟುಕೊಂಡಿದ್ದೇನೆ. ಓದು ಮುಗಿಸಿ ಪತ್ರಿಕೆಯೊಂದರ ಸುದ್ದಿಮನೆ ಸೇರಿದೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಯಿತು. ಹೊಸ ವರ್ಷದ ದಿನ ಡೆಸ್ಕಿನಲ್ಲಿ ಯಾರಿಗೂ ಡ್ಯೂಟಿ ಬೇಡ. ನಾನು ಕೇಳಿ ಹಾಕಿಸಿಕೊಳ್ಳುತ್ತೇನೆ. ಸುದ್ದಿಸಂಸ್ಥೆಯಿಂದ ಆ ನಾಲ್ಕು ಸಾಲು ಬರುತ್ತದೆ. ಜಾಗ ಇಲ್ಲ ಎಂದು ಅದನ್ನು ಬಿಟ್ಟುಬಿಡುವುದು ಸುಲಭ. ಸಿಂಗಲ್ ಕಾಲಮ್ಮಿಗಾದರೂ ಹಾಕುವಂತೆ ನೋಡಿಕೊಳ್ಳುತ್ತೇನೆ. ಮುಂಬೈ ದಾಳಿಯಾಗಿ ಒಂದು ತಿಂಗಳು ಕಳೆದಿತ್ತಷ್ಟೇ, 2009ರ ಹೊಸ ವರ್ಷದ ದಿನ ಆ ಸುದ್ದಿ ಟೈಪ್ ಮಾಡುವಾಗ ಕೈ ನಡುಗಿತ್ತು. ಆಗಲೂ ಪಟ್ಟಿ ನಿಂತಿರಲಿಲ್ಲ.

2025ರ ಮೇ 10, ಶನಿವಾರ. ನಾಲ್ಕು ದಿನದಿಂದ ಭಾರತ–ಪಾಕಿಸ್ತಾನದ ಮಧ್ಯೆ ದಾಳಿ ನಡೆಯುತ್ತಿತ್ತು, ಆಫೀಸಿನಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಸಂಜೆ ವಿದೇಶಾಂಗ ಕಾರ್ಯದರ್ಶಿ ಬಂದು ಹೇಳಿದರು: ಪಾಕಿಸ್ತಾನದ ಡಿಜಿಎಂಒ ಮಧ್ಯಾಹ್ನ 3:35ಕ್ಕೆ ನಮ್ಮ ಡಿಜಿಎಂಒಗೆ ಫೋನ್ ಮಾಡಿದ್ದರು, ಸಂಜೆ 5ರಿಂದ ಗುಂಡಿನ ಚಕಮಕಿ ನಿಲ್ಲಿಸಲು ಒಪ್ಪಿದ್ದಾರೆ. ಪಕ್ಕದಲ್ಲಿದ್ದ ಹೊಸ ಹುಡುಗ "ಮೇಡಂ, ಅವರಿಬ್ಬರ ಹತ್ತಿರ ನಂಬರ್ ಇರುತ್ತಾ?" ಎಂದು ಕೇಳಿದ. ಎರಡನೇ ಸಾಲು, ಬಲಗಡೆಯ ಕೊನೆಯ ಕುರ್ಚಿ. ನನಗೆ ಕಣ್ಣು ತುಂಬಿ ಬಂತು. ಯಾರು ಯಾರಿಗೆ ಫೋನ್ ಮಾಡ್ತಾರೆ ಎಂದು ಅವರು ಕೇಳಿ ಇಪ್ಪತ್ತಾರು ವರ್ಷವಾಗುತ್ತಾ ಬಂದಿತ್ತು. ಆ ಹುಡುಗನಿಗೆ ಕೂರಿಸಿ ಎಲ್ಲ ಹೇಳಿದೆ. ಸುದ್ದಿಯಲ್ಲಿ 3:35 ಎನ್ನುವುದನ್ನು ಮೊದಲ ಸಾಲಿಗೇ ತಂದೆ.

ಮೇಷ್ಟ್ರು ನಿವೃತ್ತರಾಗಿ ಮೈಸೂರಿನಲ್ಲಿದ್ದಾರೆ. ಕಣ್ಣು ಮಂಜಾಗಿದೆ, ಮೊಮ್ಮಗಳು ಪೇಪರ್ ಓದಿ ಹೇಳುತ್ತಾಳೆ. 2025ರ ಜನವರಿ 2ರ ಬೆಳಗ್ಗೆ ಏಳಕ್ಕೆಲ್ಲ ಅವರ ಫೋನ್ ಬಂತು. ಅದು 34ನೇ ಸಲದ ಪಟ್ಟಿ. ಅವರಿಗೆ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು.

"ಬಂತಲ್ಲಮ್ಮ," ಎಂದರು. "ಏಳನೇ ಪುಟದಲ್ಲಿ ಹಾಕಿದ್ದೀಯಂತೆ."

"ಜಾಗ ಇರಲಿಲ್ಲ ಸಾರ್."

"ಇರಲಿ. ಮುಂದಿನ ವರ್ಷ ಐದಕ್ಕೆ ತಾ."