ಸ್ಟೇರಿಂಗ್ ಹಿಡಿದ ಹೊತ್ತು ಮಾತ್ರ ಬರೆಯಿರಿ

ಶುಕ್ರವಾರ, ಮಾರ್ಚ್ 7, 2025. ರಾತ್ರಿ.

ಇವತ್ತು ಲಾರಿ ತರಬೇತಿ ಶಾಲೆಯ ಆಫೀಸಿನಲ್ಲಿ ಒಂದು ಹಾಳೆ ಮುಂದಿಟ್ಟು ಸಹಿ ಹಾಕಿ ಅಂದರು. ನಾನು ಹಾಕಲಿಲ್ಲ.

ಅದು ತರಬೇತಿ ಗಂಟೆಗಳ ಹಾಳೆ. ತಾರೀಕು, ಶುರುವಾದ ಹೊತ್ತು, ಮುಗಿದ ಹೊತ್ತು, ಯಾವ ಗಾಡಿ, ಏನು ಕಲಿಸಿದರು, ಕೊನೆಗೆ ಮೇಷ್ಟ್ರ ಸಹಿ, ಪಕ್ಕದಲ್ಲಿ ನನ್ನ ಸಹಿ. ಮೇಷ್ಟ್ರ ಸಹಿ ಎಲ್ಲ ಸಾಲಿನಲ್ಲೂ ಆಗಲೇ ಬಿದ್ದಿತ್ತು. ಒಂದೇ ಪೆನ್ನು, ಒಂದೇ ಓರೆ. ಎಲ್ಲವನ್ನೂ ಒಂದೇ ಸಲ ಕೂತು ಹಾಕಿದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ನನ್ನ ಜಾಗ ಮಾತ್ರ ಖಾಲಿ. ಕೌಂಟರಿನಲ್ಲಿದ್ದವರು, "ಸುಮ್ನೆ ಕೆಳಗಿನವರೆಗೂ ಹಾಕ್ಕೊಂಡು ಹೋಗಿ. ಟೆಸ್ಟ್ ಹತ್ತಿರ ಬಂತು, ಫೈಲ್ ಕಳಿಸ್ಬೇಕು" ಅಂದರು.

ನಿಂತಲ್ಲೇ ಓದಿದೆ. ಹಾಳೆಯ ಪ್ರಕಾರ ನಾನು ಟ್ರೇಲರ್ ರಿವರ್ಸ್ ಕಲಿತಿದ್ದೇನೆ, ಇಳಿಜಾರಿನಲ್ಲಿ ಇಳಿಸುವುದು ಕಲಿತಿದ್ದೇನೆ, ರಾತ್ರಿ ಓಡಿಸಿದ್ದೇನೆ, ಲೋಡ್ ಗಾಡಿ ಓಡಿಸಿದ್ದೇನೆ. ಲೋಡ್ ತುಂಬಿದ ಲಾರಿಯ ಸ್ಟೇರಿಂಗನ್ನು ನಾನು ಇನ್ನೂ ಮುಟ್ಟೇ ಇಲ್ಲ. ರಾತ್ರಿ ಹೊತ್ತು ಆ ಶಾಲೆಯ ಗೇಟು ತೆರೆದಿದ್ದನ್ನು ನೋಡಿಲ್ಲ.

ಅಲ್ಲಿ ಕಲಿಕೆ ಹೇಗೆ ನಡೆಯುತ್ತದೆ ಅಂತ ಬರೆದಿಡುತ್ತೇನೆ. ಇದೇ ಥರದ ಶಾಲೆಗೆ ಸೇರಿರುವವರು ಬೇಕಾದಷ್ಟು ಜನ ಇರುತ್ತಾರೆ. ಒಂದು ಲಾರಿ, ಕ್ಯಾಬಿನ್ ತುಂಬಾ ಕಲಿಯುವವರು. ಒಬ್ಬರು ಓಡಿಸುತ್ತಾರೆ, ಉಳಿದವರು ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತು ರಸ್ತೆ ನೋಡುತ್ತಾರೆ. ಆಮೇಲೆ ಜಾಗ ಬದಲಾಯಿಸುತ್ತಾರೆ. ಗಾಡಿ ಎರಡು ಗಂಟೆ ಓಡಾಡಿ ಬಂದರೆ, ಒಳಗಿದ್ದ ಪ್ರತಿಯೊಬ್ಬರ ಹಾಳೆಯಲ್ಲೂ ಎರಡು ಗಂಟೆ ಬೀಳುತ್ತದೆ. ನೋಡಿ ಕಲಿಯುವುದೂ ಕಲಿಕೆಯೇ, ನಾನು ಇಲ್ಲ ಅನ್ನುವುದಿಲ್ಲ. ಅದನ್ನು ನೋಡಿದ ಹೊತ್ತು ಅಂತ ಬರೆಯಲಿ, ಓಡಿಸಿದ ಹೊತ್ತು ಅಂತ ಅಲ್ಲ. ಕ್ಲಚ್ ಯಾವ ಜಾಗದಲ್ಲಿ ಹಿಡಿಯುತ್ತದೆ ಅನ್ನುವುದು ಹಿಂದಿನ ಸೀಟಿನಲ್ಲಿ ಕೂತವರ ಕಾಲಿಗೆ ತಿಳಿಯಲ್ಲ, ಅಲ್ವಾ?

ಇನ್ನು ಓಡಿಸುವ ದಾರಿ. ಯಾವಾಗಲೂ ಅದೇ ದಾರಿ, ಟೆಸ್ಟಿಗೆ ಕರೆದುಕೊಂಡು ಹೋಗುವ ದಾರಿ. ಎಲ್ಲಿ ಇಂಡಿಕೇಟರ್ ಹಾಕಬೇಕು, ಯಾವ ಕಂಬ ಬಂದಾಗ ಗೇರ್ ಇಳಿಸಬೇಕು, ಎಲ್ಲ ಬಾಯಿಪಾಠ. ರಿವರ್ಸ್ ಕೂಡ ಹಾಗೇ. ಅಂಗಳದಲ್ಲಿ ಕೋನ್ ಇಟ್ಟಿದ್ದಾರೆ, ಎರಡನೇ ಕೋನ್ ಕನ್ನಡಿಯಲ್ಲಿ ಕಂಡ ತಕ್ಷಣ ಪೂರ್ತಿ ಬಲಕ್ಕೆ ತಿರುಗಿಸಿ ಅಂತ ಹೇಳಿಕೊಡುತ್ತಾರೆ. ಟ್ರೇಲರ್ ಹಿಂದಕ್ಕೆ ಹೋಗುವಾಗ ಸ್ಟೇರಿಂಗ್ ತಿರುಗಿಸಿದ ದಿಕ್ಕಿಗೆ ಎದುರು ದಿಕ್ಕಿಗೆ ಅದರ ಬಾಲ ಹೋಗುತ್ತದೆ, ಸ್ವಲ್ಪ ತಿರುಗಿಸಿ ಕಾಯಬೇಕು, ಹೊರಳಲು ಶುರುವಾದ ಮೇಲೆ ಅದನ್ನು ಎಳೆಯುವ ಮುಂಭಾಗವನ್ನು ಟ್ರೇಲರಿನ ಬೆನ್ನಿಗೇ ಬರುವಂತೆ ತಿರುಗಿಸಬೇಕು, ಅನುಮಾನ ಬಂದರೆ ನಿಲ್ಲಿಸಿ ಇಳಿದು ನೋಡಬೇಕು. ಇದನ್ನು ಯಾರೂ ಹೇಳಲಿಲ್ಲ. ನಾನು ಪುಸ್ತಕದಲ್ಲಿ ಓದಿದೆ. ನಾಳೆ ಯಾವುದೋ ಗೋದಾಮಿನ ಇಕ್ಕಟ್ಟಿನಲ್ಲಿ ಹಿಂದಕ್ಕೆ ಹಾಕಬೇಕಾದಾಗ ಅಲ್ಲಿ ಕೋನ್ ಇರುವುದಿಲ್ಲ. ಕೂಲಿಯವರು ನಿಂತಿರುತ್ತಾರೆ.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಬ್ರೇಕಿನ ಪಾಠ. ಅದು ಇಡೀ ಕೋರ್ಸಿನಲ್ಲಿ ಒಂದು ಮಧ್ಯಾಹ್ನ, ಬೋರ್ಡಿನ ಮೇಲೆ ಬಂದು ಹೋಯಿತು.

ಕಾರು ಓಡಿಸಿದವರಿಗೆ ಏರ್ ಬ್ರೇಕ್ ಪೂರ್ತಿ ಹೊಸದು. ಪೆಡಲ್ ಒತ್ತಿದ ಕೂಡಲೇ ಹಿಡಿಯುವುದಿಲ್ಲ. ಗಾಳಿ ಪೈಪಿನಲ್ಲಿ ಹಿಂದಿನ ಚಕ್ರದವರೆಗೆ ಹೋಗಬೇಕು. ಉದ್ದದ ಗಾಡಿಯಲ್ಲಿ ಅದಕ್ಕೆ ಅರ್ಧ ಸೆಕೆಂಡು ಬೇಕಾಗುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಗಂಟೆಗೆ 90 ಕಿಲೋಮೀಟರ್ ಅಂದರೆ ಸೆಕೆಂಡಿಗೆ 25 ಮೀಟರ್. ಬ್ರೇಕ್ ಹಿಡಿಯುವ ಮೊದಲೇ ಗಾಡಿ ಹನ್ನೆರಡು ಮೀಟರ್ ಮುಂದೆ ಹೋಗಿರುತ್ತದೆ. ಕಣ್ಣಿಗೆ ಕಂಡು ಕಾಲು ಚಲಿಸುವುದಕ್ಕೆ ಹಿಡಿಯುವ ಹೊತ್ತು ಇದರ ಮೇಲೆ ಬೇರೆ.

ಪಾರ್ಕಿಂಗ್ ಬ್ರೇಕು ಇನ್ನೂ ವಿಚಿತ್ರ. ಅಲ್ಲಿ ಹಿಡಿಯುವುದು ಗಾಳಿಯಲ್ಲ, ಗಟ್ಟಿ ಸ್ಪ್ರಿಂಗು. ಗಾಳಿಯ ಒತ್ತಡ ಆ ಸ್ಪ್ರಿಂಗನ್ನು ಹಿಂದಕ್ಕೆ ತಳ್ಳಿ ಬ್ರೇಕನ್ನು ಬಿಟ್ಟಿರುತ್ತದೆ. ಎಲ್ಲೋ ಸೋರಿ ಒತ್ತಡ ಬೀಳುತ್ತಾ ಹೋದರೆ ಮೊದಲು ಎಚ್ಚರಿಕೆಯ ದೀಪ, ಸದ್ದು ಬರುತ್ತದೆ. ಅದನ್ನು ಕೇಳದೆ ಓಡಿಸುತ್ತಲೇ ಇದ್ದರೆ ಸ್ಪ್ರಿಂಗು ತಾನಾಗಿ ಬಂದು ಚಕ್ರ ಹಿಡಿಯುತ್ತದೆ, ನಡುರಸ್ತೆಯಲ್ಲಿ. ಇದನ್ನು ತೋರಿಸಲು ರಸ್ತೆಗೂ ಹೋಗಬೇಕಾಗಿಲ್ಲ. ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಅಡ್ಡ ಕೊಟ್ಟು, ಇಂಜಿನ್ ಆಫ್ ಮಾಡಿ, ಕೀ ಆನ್ ಇಟ್ಟು ಪೆಡಲನ್ನು ಒತ್ತಿ ಬಿಟ್ಟು ಮಾಡಿದರೆ ಗಾಳಿಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಇಳಿಯುವುದು ಕಾಣುತ್ತದೆ. ಎಲ್ಲಿ ಎಚ್ಚರಿಕೆ ಬಂತು, ಎಲ್ಲಿ ಸ್ಪ್ರಿಂಗು ಹಿಡಿಯಿತು, ಕಣ್ಣಾರೆ ನೋಡಬಹುದು. ಡೀಸೆಲ್ ಕೂಡ ಖರ್ಚಾಗುವುದಿಲ್ಲ. ಅದನ್ನೂ ಮಾಡಿಸಲಿಲ್ಲ. ನಾನೇ ಕೇಳಿದಾಗ, "ಟೆಸ್ಟಿನಲ್ಲಿ ಅದನ್ನ ಕೇಳಲ್ಲ" ಅನ್ನುವ ಉತ್ತರ ಬಂತು.

ಇಳಿಜಾರಿನ ವಿಷಯವೂ ಹಾಗೇ. ಭಾರದ ಗಾಡಿಯನ್ನು ಬರೀ ಬ್ರೇಕಿನ ಮೇಲೆ ಇಳಿಸಿದರೆ ಡ್ರಮ್ ಕಾದು ಹಿಗ್ಗುತ್ತದೆ, ಡ್ರಮ್ಮಿಗೆ ಉಜ್ಜಿ ಹಿಡಿಯುವ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ, ಪೆಡಲ್ ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಅದಕ್ಕೇ ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬರಬೇಕು. ಅರ್ಧ ಇಳಿದ ಮೇಲೆ, ವೇಗ ಏರಿದಾಗ ಗೇರ್ ಇಳಿಸಲು ಹೋದರೆ ಗೇರು ಬೀಳದೆ ನ್ಯೂಟ್ರಲ್‌ನಲ್ಲೇ ಉಳಿಯಬಹುದು. ಆಗ ಇಂಜಿನ್ ಹಿಡಿತವೂ ಇಲ್ಲ, ಬ್ರೇಕೂ ಇಲ್ಲ. ಈ ಒಂದು ವಿಷಯ ಗೊತ್ತಿಲ್ಲದವರ ಕೈಗೆ ಭಾರದ ಗಾಡಿ ಕೊಡುವುದು ನನಗೆ ಅರ್ಥವಾಗುವುದೇ ಇಲ್ಲ. ಖಾಲಿ ಗಾಡಿಯಲ್ಲಿ ಇದನ್ನು ಕಲಿಸಲೂ ಆಗುವುದಿಲ್ಲ. ಖಾಲಿ ಗಾಡಿಯ ನಡವಳಿಕೆಯೇ ಬೇರೆ. ಗಟ್ಟಿ ಸ್ಪ್ರಿಂಗಿನ ಮೇಲೆ ಕುಣಿಯುತ್ತದೆ, ಜೋರಾಗಿ ಬ್ರೇಕ್ ಹಾಕಿದರೆ ಚಕ್ರ ಲಾಕ್ ಆಗಿ ಜಾರುತ್ತದೆ.

ಮೇಷ್ಟ್ರನ್ನು ನಾನು ದೂರುವುದಿಲ್ಲ. ಕೆಲಸ ಬಲ್ಲವರು. ಒಂದು ದಿನ ಗಾಡಿಯ ಸುತ್ತ ನನ್ನ ಜೊತೆ ನಡೆದು, ಟೈರಿನ ಒಳಮಗ್ಗುಲಿಗೆ ಕೈ ಹಾಕಿ ಸವಕಳಿ ನೋಡುವುದು, ಏರ್ ಟ್ಯಾಂಕಿನ ಕೆಳಗಿನ ವಾಲ್ವ್ ಎಳೆದು ನೀರು ಬಿಡುವುದು, ನಟ್ಟಿನ ಸುತ್ತ ತುಕ್ಕಿನ ಗೆರೆ ಕಂಡರೆ ಅದು ಸಡಿಲವಾಗಿರಬಹುದು ಅಂತ ಗುರುತಿಸುವುದು, ಎಲ್ಲ ತೋರಿಸಿದರು. ಆ ಸ್ವಲ್ಪ ಹೊತ್ತಿನಲ್ಲಿ ನಾನು ಕಲಿತಷ್ಟು ಉಳಿದ ದಿನಗಳಲ್ಲಿ ಕಲಿತಿಲ್ಲ. ಅಷ್ಟರಲ್ಲಿ ಆಫೀಸಿನಿಂದ ಫೋನ್ ಬಂತು, ಮುಂದಿನ ಬ್ಯಾಚ್ ಕಾಯುತ್ತಿದೆ ಅಂತ. ಒಬ್ಬರಿಗೆ ಅಷ್ಟೊಂದು ಜನರನ್ನು ಒಪ್ಪಿಸಿ, ಒಂದೇ ಗಾಡಿ ಕೊಟ್ಟು, ಡೀಸೆಲ್ ಅಳೆದು ಕೊಟ್ಟರೆ ಅವರಾದರೂ ಏನು ಮಾಡುತ್ತಾರೆ?

ಹಾಳೆ ಹಿಡಿದುಕೊಂಡೇ ಶಾಲೆಯ ಯಜಮಾನರ ಹತ್ತಿರ ಹೋದೆ. ಕೂರಿಸಿದರು, ಸಮಾಧಾನವಾಗಿಯೇ ಮಾತಾಡಿದರು.

"ಎಲ್ಲರೂ ಹೀಗೇ ಕಲಿತಿರೋದು. ಲೈಸೆನ್ಸ್ ಬರಲಿ, ಆಮೇಲೆ ರಸ್ತೆನೇ ಕಲಿಸುತ್ತೆ."

"ಸರ್, ರಸ್ತೆ ಕಲಿಸೋವಾಗ ಎದುರಿಗೆ ಬೇರೆಯವರೂ ಇರ್ತಾರಲ್ಲ" ಅಂದೆ.

ಅದಕ್ಕೆ ಅವರು ಏನೂ ಹೇಳಲಿಲ್ಲ. ಹಾಳೆಯ ಕಡೆ ಕೈ ತೋರಿಸಿ, "ಅದು ಬರೀ ಫಾರ್ಮಾಲಿಟಿ" ಅಂದರು.

ಫಾರ್ಮಾಲಿಟಿ ಅಲ್ಲ ಅಂತ ನನಗೆ ಗೊತ್ತಿತ್ತು, ಯಾಕೆಂದರೆ ಈ ವಾರವೆಲ್ಲ ಇದನ್ನೇ ಓದಿದ್ದೇನೆ. ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನಮೂನೆ 15 ಅಂತ ಒಂದಿದೆ. ಕಲಿಯುವವರು ಎಷ್ಟು ಹೊತ್ತು ಗಾಡಿ ಓಡಿಸಿದರು ಅಂತ ಶಾಲೆ ಬರೆದಿಡಲೇಬೇಕಾದ ರಿಜಿಸ್ಟರ್ ಅದು. ಯುರೋಪ್ ಒಕ್ಕೂಟ 2003ರಲ್ಲಿ ತಂದ ನಿರ್ದೇಶನದಲ್ಲಿ ವೃತ್ತಿಪರ ಚಾಲಕರ ಪೂರ್ತಿ ತರಬೇತಿಗೆ 280 ಗಂಟೆ ಇಟ್ಟಿದ್ದಾರೆ, ಅದರಲ್ಲಿ ಕನಿಷ್ಠ 20 ಗಂಟೆ ಸ್ವತಃ ಓಡಿಸಿರಬೇಕು. ಕೂತು ಕೇಳಿದ್ದು ಬೇರೆ, ಓಡಿಸಿದ್ದು ಬೇರೆ ಅಂತ ಅಲ್ಲಿ ಸ್ಪಷ್ಟವಾಗಿ ಬೇರ್ಪಡಿಸಿದ್ದಾರೆ. ಅಮೆರಿಕದಲ್ಲಿ 2022ರ ಫೆಬ್ರವರಿ 7ರಿಂದ ಹೊಸಬರು ನೋಂದಾಯಿತ ಶಾಲೆಯಲ್ಲೇ ಕಲಿಯಬೇಕು. ಆದರೆ ಓಡಿಸುವುದಕ್ಕೆ ಇಷ್ಟೇ ಗಂಟೆ ಅಂತ ಆ ದೇಶದ ಕೇಂದ್ರ ನಿಯಮ ಹೇಳುವುದಿಲ್ಲ. ಕಲಿತಿದ್ದಾರೆ ಅಂತ ಶಾಲೆಯವರಿಗೆ ಅನ್ನಿಸಿದರೆ ಸಾಕು. ನನಗೆ ಇದು ಒಪ್ಪಿಗೆಯಾಗಲಿಲ್ಲ. ಬ್ಯಾಚ್ ಬೇಗ ಮುಗಿದಷ್ಟೂ ಲಾಭ ಇರುವವರ ಕೈಗೇ ಆ ತೀರ್ಮಾನ ಕೊಟ್ಟ ಹಾಗಾಯಿತು.

ಕೆನಡಾದ ಸಸ್ಕಾಚೆವಾನ್‌ನಲ್ಲಿ 2018ರ ಏಪ್ರಿಲ್ 6ರಂದು ಜೋಡಿ ಟ್ರೇಲರಿನ ಲಾರಿಯೊಂದು ಸ್ಟಾಪ್ ಫಲಕ ದಾಟಿ ಬಂದು, ಹಂಬೋಲ್ಟ್ ಬ್ರಾಂಕೋಸ್ ಅನ್ನುವ ಐಸ್ ಹಾಕಿ ತಂಡದ ಬಸ್ಸಿನ ದಾರಿಗೆ ಅಡ್ಡವಾಯಿತು. 16 ಜನ ಸತ್ತರು, 13 ಜನ ಗಾಯಗೊಂಡರು. ಸತ್ತವರಲ್ಲಿ ಎಳೆಯ ಆಟಗಾರರೇ ಜಾಸ್ತಿ. ಲಾರಿ ಓಡಿಸುತ್ತಿದ್ದವರು ಅನುಭವವಿಲ್ಲದ ಹೊಸ ಚಾಲಕ. ಆ ಪ್ರಾಂತ್ಯದಲ್ಲಿ ಲಾರಿ ಚಾಲಕರಿಗೆ ಕನಿಷ್ಠ 121.5 ಗಂಟೆ ತರಬೇತಿ ಕಡ್ಡಾಯವಾಗಿದ್ದು 2019ರ ಮಾರ್ಚಿನಲ್ಲಿ, ಅಷ್ಟು ಜನ ಹೋದ ಮೇಲೆ. ಯಜಮಾನರ ಮುಂದೆ ಕೂತಿದ್ದಾಗ ಇದೇ ನನ್ನ ತಲೆಯಲ್ಲಿತ್ತು. ಅವರಿಗೆ ಹೇಳಲಿಲ್ಲ. ಹೇಳಿದ್ದರೆ ನಾನು ಜಗಳಕ್ಕೆ ಬಂದಿದ್ದೇನೆ ಅಂದುಕೊಳ್ಳುತ್ತಿದ್ದರು. ನನಗೆ ಬೇಕಾಗಿದ್ದು ಕಲಿಕೆ.

ಹಾಗಾಗಿ ನನ್ನ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟೆ. ಸೇರಿದ ದಿನದಿಂದ ಬರೆಯುತ್ತಾ ಬಂದಿದ್ದೇನೆ: ಎಷ್ಟು ಹೊತ್ತಿಗೆ ಸ್ಟೇರಿಂಗ್ ಮುಂದೆ ಕೂತೆ, ಎಷ್ಟು ಹೊತ್ತಿಗೆ ಇಳಿದೆ, ಯಾವ ದಾರಿ, ಗಾಡಿ ಖಾಲಿಯೋ ಲೋಡೋ, ಏನು ಹೇಳಿಕೊಟ್ಟರು. ಗಾಡಿ ಕೆಟ್ಟು ನಿಂತ ದಿನಗಳನ್ನೂ ಬರೆದಿದ್ದೇನೆ. ಆ ದಿನಗಳಲ್ಲೂ ಶಾಲೆಯ ಹಾಳೆಯಲ್ಲಿ ಗಂಟೆ ಬಿದ್ದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಯಜಮಾನರ ಮಾತಿನ ಧಾಟಿ ಬದಲಾಯಿತು. "ಹಾಗಾದ್ರೆ ನಿಮಗೆ ಏನು ಬೇಕು ಹೇಳಿ" ಅಂದರು. ತರಬೇತಿ ಸರಿಯಿಲ್ಲ ಅಂತ ಬರೀ ಬಾಯಲ್ಲಿ ಹೇಳಿದ್ದರೆ, ಎಲ್ಲ ಸರಿಯಿದೆ ಅನ್ನುವ ಮಾತಿಗೆ ಅದು ಮುಗಿದುಹೋಗುತ್ತಿತ್ತು. ಕಲಿಯುತ್ತಿರುವವರು ಯಾರೇ ಇರಲಿ, ಇವತ್ತಿನಿಂದಲೇ ಹೀಗೆ ಬರೆದಿಡಿ. ಫೋನಿನಲ್ಲಾದರೂ ಸರಿ.

ಸೇರುವಾಗ ಕೊಟ್ಟ ಕರಪತ್ರ ಕೂಡ ಬ್ಯಾಗಿನಲ್ಲಿತ್ತು. ಲೋಡ್ ಗಾಡಿ, ಘಾಟಿ, ರಾತ್ರಿ ಚಾಲನೆ ಅಂತ ಅದರಲ್ಲೇ ಅಚ್ಚು ಹಾಕಿಸಿದ್ದಾರೆ. ನಾನು ಹೆಚ್ಚಿಗೆ ಏನೂ ಕೇಳುತ್ತಿಲ್ಲ. ಕೊಡುತ್ತೇವೆ ಅಂದಿದ್ದನ್ನು ಕೇಳುತ್ತಿದ್ದೇನೆ.

ಹೊರಗೆ ಬಂದಾಗ ನಮ್ಮ ಬ್ಯಾಚಿನವರು ಮೆಟ್ಟಿಲ ಹತ್ತಿರ ಕಾಯುತ್ತಿದ್ದರು. ಇಬ್ಬರು ಆಗಲೇ ಸಹಿ ಹಾಕಿ ಆಗಿತ್ತು. ಅವರಿಗೆ ಕೆಲಸ ತುರ್ತಾಗಿ ಬೇಕು, ಲೈಸೆನ್ಸ್ ತಡವಾದರೆ ಮನೆ ನಡೆಯುವುದಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಈ ಶಾಲೆಗಳು ಬದುಕುವುದೇ ಆ ತುರ್ತಿನ ಮೇಲೆ, ನನ್ನ ಸಿಟ್ಟು ಅದರ ಮೇಲೆ. ನಮ್ಮಲ್ಲಿ ವಯಸ್ಸಿನಲ್ಲಿ ದೊಡ್ಡವರು ಒಬ್ಬರಿದ್ದಾರೆ, ಎಲ್ಲರೂ ಅಣ್ಣ ಅಂತಲೇ ಕರೆಯುತ್ತೇವೆ. ವರ್ಷಗಟ್ಟಲೆ ಕ್ಲೀನರ್ ಆಗಿದ್ದವರು. ಅವರು ಸಹಿ ಹಾಕಿರಲಿಲ್ಲ. "ನೀನು ಶಾಲೆಗೆ ಒಂದು ಪತ್ರ ಬರಿ, ನಾನೂ ಹೆಸರು ಹಾಕ್ತೀನಿ. ಟ್ರೇಲರ್ ಬಿಚ್ಚಿ ಹಾಕೋದನ್ನ ಮರೀಬೇಡ, ಅದನ್ನ ಇವರು ನಮ್ಮ ಕೈಲಿ ಮಾಡಿಸೇ ಇಲ್ಲ" ಅಂದರು.

ನಿಜ. ಟ್ರೇಲರ್ ಸೇರಿಸುವುದನ್ನು ಮೇಷ್ಟ್ರು ಮಾಡಿದ್ದನ್ನು ದೂರದಿಂದ ನೋಡಿದ್ದೇವೆ ಅಷ್ಟೇ. ಟ್ರೇಲರಿನ ಕೆಳಗಿರುವ ಕಿಂಗ್‌ಪಿನ್ ಅನ್ನುವ ದಪ್ಪ ಪಿನ್ನನ್ನು ಲಾರಿಯ ಮೇಲಿನ ದವಡೆ ಕಚ್ಚಿಕೊಂಡ ಸದ್ದು ಬಂದರೆ ಸಾಲದು. ಟ್ರೇಲರಿನ ಬ್ರೇಕ್ ಹಿಡಿದಿಟ್ಟು, ಕೆಳಗಿನ ಗೇರಿನಲ್ಲಿ ಮೆಲ್ಲಗೆ ಮುಂದಕ್ಕೆ ಎಳೆದು ನೋಡಬೇಕು. ಆಮೇಲೆ ಟಾರ್ಚ್ ಹಿಡಿದು ಕೆಳಗೆ ಬಗ್ಗಿ, ದವಡೆ ಪಿನ್ನಿನ ಸುತ್ತ ಪೂರ್ತಿ ಮುಚ್ಚಿದೆಯಾ, ನಡುವೆ ಸಂದಿ ಇದೆಯಾ ಅಂತ ಕಣ್ಣಲ್ಲೇ ನೋಡಬೇಕು. ಅಣ್ಣ ಇದನ್ನು ವಿವರಿಸುತ್ತಿದ್ದಾಗ ಸಹಿ ಹಾಕಿದ್ದ ಇಬ್ಬರೂ ಹತ್ತಿರ ಬಂದು ಕೇಳಿಸಿಕೊಂಡರು. ಕೊನೆಗೆ ಅವರೂ ಪತ್ರಕ್ಕೆ ಹೆಸರು ಸೇರಿಸಿ ಅಂದರು.

ಪತ್ರವನ್ನು ಈಗ ಬರೆದು ಮುಗಿಸಿದೆ. ದೂರು ಕಡಿಮೆ, ಬೇಡಿಕೆ ಜಾಸ್ತಿ. ಕರಪತ್ರದಲ್ಲಿರುವ ಯಾವ ಪಾಠ ಆಗಿಲ್ಲ ಅನ್ನುವುದು ಮೊದಲು. ಗಂಟೆಗಳ ಹಾಳೆಯನ್ನು ತಿದ್ದಿ, ಓಡಿಸಿದ್ದು ಬೇರೆ, ಕೂತು ನೋಡಿದ್ದು ಬೇರೆ ಅಂತ ಬರೆಯಬೇಕು. ಲೋಡ್ ಗಾಡಿಯಲ್ಲಿ ಇಳಿಜಾರು, ರಾತ್ರಿ ಚಾಲನೆ, ಟ್ರೇಲರ್ ಬಿಚ್ಚಿ ಸೇರಿಸುವುದು, ಗಾಳಿ ಇಳಿಸಿ ಬ್ರೇಕ್ ಪರೀಕ್ಷೆ, ಇವಿಷ್ಟೂ ಟೆಸ್ಟಿಗೆ ಮೊದಲು ಆಗಬೇಕು. ಆಗದಿದ್ದರೆ ಆ ಪಾಠಗಳ ಫೀಸು ವಾಪಸ್ ಕೊಡಬೇಕು. ಕೊನೆಯ ಕಂತು ನಾನಿನ್ನೂ ಕಟ್ಟಿಲ್ಲ. ಉತ್ತರ ಬರುವವರೆಗೆ ಕಟ್ಟುವುದಿಲ್ಲ ಅಂತಲೂ ಬರೆದಿದ್ದೇನೆ.

ಸೋಮವಾರ ಬೆಳಿಗ್ಗೆ ಕೈಯಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಶಾಲೆಯ ಮುದ್ರೆ ಹಾಕಿಸಿಕೊಳ್ಳುತ್ತೇವೆ. ಮುದ್ರೆ ಹಾಕಲು ಒಪ್ಪದಿದ್ದರೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸುತ್ತೇವೆ. ವಾರದೊಳಗೆ ಉತ್ತರ ಬರದಿದ್ದರೆ ಅದೇ ಪತ್ರ, ನೋಟ್‌ಬುಕ್ಕಿನ ಪುಟಗಳು ಮತ್ತು ಕರಪತ್ರದ ಜೊತೆ, ಶಾಲೆಗೆ ಪರವಾನಗಿ ಕೊಟ್ಟ ಕಚೇರಿಗೆ ಹೋಗುತ್ತದೆ. ಟೆಸ್ಟಿನ ತಾರೀಕು ಮುಂದೆ ಹಾಕಿಸಿಕೊಳ್ಳಲು ನಾನು ಆಗಲೇ ಅರ್ಜಿ ಹಾಕಿದ್ದೇನೆ.