ತಂಬುಳಿ ತಿನ್ನದ ಗುಂಪು

ಆಗಸ್ಟ್ 14, 2024, ಬುಧವಾರ
ಮೈಸೂರು

ಮನೋವಿಜ್ಞಾನದ ತರಗತಿಗೆ ಸೋಮವಾರ ಒಂದು ಪ್ರಯೋಗದ ವಿನ್ಯಾಸ ಬರೆದುಕೊಡಬೇಕು. ಮಾಡಿ ತೋರಿಸಬೇಕಾಗಿಲ್ಲ, ಕಾಗದದ ಮೇಲಿದ್ದರೆ ಸಾಕು. ಪ್ರಾಕ್ಕಲ್ಪನೆ (ಪರೀಕ್ಷಿಸಬೇಕಾದ ಊಹೆ), ಸ್ವತಂತ್ರ ಚರ (ನಾವು ಬದಲಿಸುವುದು), ಅವಲಂಬಿತ ಚರ (ನಾವು ಅಳೆಯುವುದು), ಪ್ರಾಯೋಗಿಕ ಗುಂಪು (ಕೊಟ್ಟವರು), ನಿಯಂತ್ರಿತ ಗುಂಪು (ಹೋಲಿಕೆಗಾಗಿ ಕೊಡದೆ ಬಿಟ್ಟವರು). ಅರ್ಧ ತರಗತಿ ‘ಮೊಬೈಲ್ ಮತ್ತು ನಿದ್ರೆ’ ಎಂದು ಬರೆಯುತ್ತಿದೆ, ಉಳಿದರ್ಧ ‘ಸಂಗೀತ ಮತ್ತು ಏಕಾಗ್ರತೆ’. ನನಗೆ ಎರಡೂ ಬೇಡವಾಗಿತ್ತು. ಮಧ್ಯಾಹ್ನ ಮೆಸ್ಸಿನ ನೀರುಸಾರನ್ನು ನೋಡುತ್ತಾ ಕುಳಿತಾಗ ಒಂದೆಲಗ ಹೊಳೆಯಿತು.

ಈಗ ಊರಿನಲ್ಲಿ ತೋಟದ ಕಾಲುವೆಯುದ್ದಕ್ಕೂ ಅದು ಹಬ್ಬಿರುತ್ತದೆ. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ನಮಗೆ ಒಂದೆಲಗದ ತಂಬುಳಿ. ಜೀರಿಗೆ, ಕಾಳುಮೆಣಸು ಹುರಿದು, ಕಾಯಿತುರಿಯೊಂದಿಗೆ ರುಬ್ಬಿ, ಮಜ್ಜಿಗೆ ಬೆರೆಸಿದ್ದು. ತಿಂದರೆ ಓದಿದ್ದು ತಲೆಯಲ್ಲಿ ನಿಲ್ಲುತ್ತದೆ ಎಂಬುದು ಅಮ್ಮಮ್ಮನ ಕಾಯಿದೆ. ಪ್ರಾಕ್ಕಲ್ಪನೆ ಮನೆಯಲ್ಲೇ ಸಿದ್ಧವಿರುವಾಗ ಬೇರೆಡೆ ಏಕೆ ಹುಡುಕಲಿ?

ತೊಡಕು ಶುರುವಾದದ್ದು ಅವಲಂಬಿತ ಚರದ ಸಾಲಿನಲ್ಲಿ. ನೆನಪನ್ನು ಅಳೆಯುವುದು ಹೇಗೆ? 1885ರಲ್ಲಿ ಪ್ರಕಟಿಸಿದ ತನ್ನ ಅಧ್ಯಯನದಲ್ಲಿ ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಇದಕ್ಕೆ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿ ಮಾಡಿಕೊಂಡ. ತಾನೇ ಬಾಯಿಪಾಠ ಮಾಡಿದ, ತಾನೇ ಮರೆತ, ಮತ್ತೆ ಕಲಿಯಲು ಎಷ್ಟು ಹೊತ್ತು ಉಳಿತಾಯವಾಯಿತು ಎಂದು ತಾನೇ ಲೆಕ್ಕ ಹಾಕಿದ. ಒಂದು ಗಂಟೆ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಸೋರಿಹೋಗಿತ್ತು. ಒಂದು ದಿನದ ನಂತರ ಉಳಿದದ್ದು ಸುಮಾರು ಮೂರನೇ ಒಂದು ಭಾಗ. ಪ್ರಯೋಗ ಮಾಡಿದವನೂ ಮಾಡಿಸಿಕೊಂಡವನೂ ಒಬ್ಬನೇ, ಆದರೂ ಅವನ ಮರೆವಿನ ಇಳಿರೇಖೆ ಇಂದಿಗೂ ಪಠ್ಯಪುಸ್ತಕದಲ್ಲಿದೆ. ಅಮ್ಮಮ್ಮನನ್ನು ಆ ಪಟ್ಟಿಯ ಮುಂದೆ ಕೂರಿಸಿದರೆ ಸೊನ್ನೆ ಬರುತ್ತದೆ. ಆದರೆ ಮನೆಯ ಮೊಮ್ಮಕ್ಕಳ ನಕ್ಷತ್ರಗಳು, ಯಾವ ವರ್ಷ ಕೊಳೆರೋಗಕ್ಕೆ ಎಷ್ಟು ಅಡಿಕೆ ಉದುರಿತು, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡು ಉಣ್ಣದೆ ಹೋದರು, ಇವೆಲ್ಲ ಅವಳ ನಾಲಿಗೆಯ ತುದಿಯಲ್ಲಿವೆ. ಕನ್ನಡಕ ಎಲ್ಲಿಟ್ಟೆನೆಂಬುದು ಮಾತ್ರ ನೆನಪಿರುವುದಿಲ್ಲ. ಯಾವುದನ್ನು ಅಳೆಯಲಿ?

ಸಂಜೆ ಫೋನ್ ಮಾಡಿ ಅವಳನ್ನೇ ಕೇಳಿದೆ.

ಮೊದಲು ಎಂದಿನ ವಿಚಾರಣೆ. ಊಟ ಆಯಿತೇ, ಮಳೆ ಇದೆಯೇ, ಆ ಮನಸ್ಸಿನ ಓದು ಓದಿ ಮುಂದೇನು ಮಾಡುತ್ತೀ. ನನ್ನ ವಿಷಯದ ಬಗ್ಗೆ ಅವಳಿಗೆ ಇದ್ದ ಅನುಮಾನ ಸ್ವಲ್ಪ ಕಡಿಮೆಯಾದದ್ದು ರೇಡಿಯೊದಿಂದ. 1935ರಲ್ಲಿ ಇದೇ ಮೈಸೂರಿನಲ್ಲಿ, ಆಕಾಶವಾಣಿ ಎಂಬ ಹೆಸರಿನಲ್ಲಿ, ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದರು ಎಂದು ಹೇಳಿದ ದಿನದಿಂದ ನನ್ನ ಓದಿಗೆ ಒಂದು ಮರ್ಯಾದೆ ಬಂದಿದೆ.

“ಒಂದೆಲಗದಿಂದ ನೆನಪು ಹೆಚ್ಚುತ್ತದೆ ಎಂದು ನಿನಗೆ ಹೇಗೆ ಗೊತ್ತು, ಅಮ್ಮಮ್ಮ?”

“ಗೊತ್ತಾಗುವುದಕ್ಕೇನಿದೆ ಕೂಸೇ? ನಿನ್ನ ದೊಡ್ಡ ಮಾವ ತಿಂದ, ಇಂಜಿನಿಯರ್ ಆದ.”

“ಸಣ್ಣ ಮಾವನೂ ತಿಂದಿದ್ದನಲ್ಲ, ಹತ್ತನೇ ತರಗತಿಯಲ್ಲಿ ಗಣಿತ ಹೋಯಿತಲ್ಲ?”

“ಅವನೆಲ್ಲಿ ತಿಂದ? ಬಟ್ಟಲನ್ನು ಕೊಟ್ಟಿಗೆಗೆ ಒಯ್ದು ಕರುವಿನ ಮುಂದೆ ಇಟ್ಟು ಬರುತ್ತಿದ್ದ. ನನಗೆ ತಿಳಿಯುವುದಿಲ್ಲ ಎಂದುಕೊಂಡಿದ್ದ.”

“ಹಾಗಾದರೆ ಕರುವಿಗೆ ನೆನಪು ಹೆಚ್ಚಾಯಿತೇ?”

“ಆಗದೆ ಏನು? ದಿನಾ ಅದೇ ಹೊತ್ತಿಗೆ ಸರಿಯಾಗಿ ಕೂಗುತ್ತಿತ್ತು.”

ನಗು ತಡೆಯಲಾಗಲಿಲ್ಲ. ರಷ್ಯಾದ ಪಾವ್ಲೋವ್ ನಾಯಿಗಳನ್ನು ಕಟ್ಟಿಹಾಕಿ, ಊಟದ ಸುಳಿವಿಗೇ ಅವು ಜೊಲ್ಲು ಸುರಿಸುವುದನ್ನು ಅಳೆಯುತ್ತಾ ಅಷ್ಟೆಲ್ಲ ಪಾಡುಪಟ್ಟದ್ದು ಇದಕ್ಕೇ ಅಲ್ಲವೇ! ಆದರೆ ಸಣ್ಣ ಮಾವನ ವಿಷಯ ಹಗುರವಲ್ಲ. ಔಷಧ ಪರೀಕ್ಷೆಗಳಲ್ಲಿ ಇದಕ್ಕೊಂದು ಕಟ್ಟುನಿಟ್ಟಿನ ಕ್ರಮವಿದೆ. ಚೀಟಿ ಎತ್ತಿದಾಗ ಯಾರು ಯಾವ ಗುಂಪಿಗೆ ಬಿದ್ದರೋ ಕೊನೆಯ ಲೆಕ್ಕದಲ್ಲೂ ಅವರು ಅದೇ ಗುಂಪಿನವರು. ನುಂಗಿದರೋ ಉಗುಳಿದರೋ ಎಂದು ಆಮೇಲೆ ವಿಚಾರಿಸಿ ಆಚೆ ಸರಿಸುವಂತಿಲ್ಲ. ಸರಿಸಲು ಬಿಟ್ಟರೆ ಫೇಲಾದವರೆಲ್ಲ ‘ತಿನ್ನದವರು’ ಆಗುತ್ತಾರೆ, ಒಂದೆಲಗ ಎಂದೂ ಸೋಲುವುದಿಲ್ಲ. ಅಮ್ಮಮ್ಮ ಸಣ್ಣ ಮಾವನನ್ನು ಒಂದೇ ವಾಕ್ಯದಲ್ಲಿ ಲೆಕ್ಕದಿಂದ ಹೊರಗೆ ಹಾಕಿದಳು, ನನಗೆ ಅದು ಗೊತ್ತಾಗುವ ಮೊದಲೇ.

ಇನ್ನೊಂದು ಗುಂಪಿಗೆ ಒಂದೆಲಗವಿಲ್ಲದ, ಆದರೆ ನೋಡಲು ಹಾಗೆಯೇ ಇರುವ ತಂಬುಳಿ ಬೇಕು ಎಂದೆ. ಅವಳು ಯೋಚಿಸಲೂ ಇಲ್ಲ. “ಪೇರಲೆಯ ಕುಡಿಯದು ಮಾಡು. ಅದೂ ಒಗರೇ. ಹೊಟ್ಟೆಗೆ ಒಳ್ಳೆಯದು, ನೆನಪಿಗಲ್ಲ.” ಹುಸಿಮದ್ದು ಇಷ್ಟು ಸುಲಭವಾಗಿ ಯಾವ ಸಂಶೋಧಕನಿಗೂ ಸಿಕ್ಕಿರಲಾರದು. ಬಡಿಸುವವರಿಗೂ ಯಾವ ಬಟ್ಟಲಿನಲ್ಲಿ ಯಾವುದಿದೆ ಎಂದು ತಿಳಿಯಬಾರದು ಎಂದಾಗ ಮಾತ್ರ ಅವಳಿಗೆ ಸಿಟ್ಟು ಬಂತು. ಬಡಿಸುವವಳಿಗೆ ತಾನು ಏನು ಬಡಿಸುತ್ತಿದ್ದೇನೆ ಎಂಬುದೇ ತಿಳಿಯದಿದ್ದರೆ ಅದೆಂಥ ಅಡುಗೆಮನೆ? ಆಗ ಹಾನ್ಸ್‌ನ ಕಥೆ ಹೇಳಬೇಕಾಯಿತು. ಶತಮಾನದ ಹಿಂದೆ ಬರ್ಲಿನ್ನಿನಲ್ಲಿ ಲೆಕ್ಕ ಮಾಡುವ ಕುದುರೆಯೊಂದು ಹೆಸರುವಾಸಿಯಾಗಿತ್ತು. ಐದೂ ಮೂರೂ ಎಷ್ಟು ಎಂದರೆ ಗೊರಸಿನಿಂದ ಎಂಟು ಬಾರಿ ತಟ್ಟುತ್ತಿತ್ತು. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಂತೆ ಮಾಡಿದಾಗ, ಅಥವಾ ಅವನು ಕುದುರೆಯ ಕಣ್ಣಿಗೆ ಬೀಳದಂತೆ ನಿಂತಾಗ, ಅದರ ಲೆಕ್ಕ ತಪ್ಪುತ್ತದೆ ಎಂದು 1907ರಲ್ಲಿ ಆಸ್ಕರ್ ಫುಂಗ್ಸ್ಟ್ ತೋರಿಸಿಕೊಟ್ಟ. ಸರಿಯಾದ ಸಂಖ್ಯೆ ಬಂದಾಗ ಕೇಳುವವನ ತಲೆ ಅವನಿಗೇ ತಿಳಿಯದಂತೆ ಚೂರು ಅಲುಗುತ್ತಿತ್ತು, ಕುದುರೆ ಅಷ್ಟನ್ನೇ ನೋಡಿ ತಟ್ಟುವುದನ್ನು ನಿಲ್ಲಿಸುತ್ತಿತ್ತು.

“ಮತ್ತೆ ಕುದುರೆ ಜಾಣನೇ ಆಯಿತಲ್ಲ,” ಎಂದಳು ಅಮ್ಮಮ್ಮ. “ಲೆಕ್ಕ ಯಾರು ಬೇಕಾದರೂ ಕಲಿತಾರು. ಮುಖ ಓದುವುದು ಎಲ್ಲರಿಗೂ ಬರುತ್ತದೆಯೇ?”

ನಮ್ಮ ತರಗತಿಯಲ್ಲಿ ಯಾರೂ ಹೀಗೆ ಹೇಳಲಿಲ್ಲ. ಎಲ್ಲರೂ ಕುದುರೆಯ ಮೋಸ ಬಯಲಾಯಿತು ಎಂದೇ ಬರೆದುಕೊಂಡೆವು.

ಅಲ್ಲಿಗೇ ಫೋನ್ ಇಟ್ಟಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. “ಅರ್ಧ ಮಕ್ಕಳಿಗೆ ಪೇರಲೆಯದು ಎಂದರೆ, ಅವರಿಗೆ ಒಂದೆಲಗ ಕೊಡುವುದೇ ಇಲ್ಲವೇ?” ಎಂದು ಕೇಳಿದಳು. ಕೊಡುವುದಿಲ್ಲ, ಕೊಟ್ಟರೆ ಹೋಲಿಸಿ ನೋಡುವುದು ಹೇಗೆ ಎಂದೆ. “ನನ್ನ ಮೂವರಲ್ಲಿ ಯಾರಿಗೆ ಬಿಡಬೇಕಿತ್ತು, ನೀನೇ ಹೇಳು.”

ಪುಸ್ತಕದಲ್ಲಿ ಇದಕ್ಕೂ ಉತ್ತರವಿದೆ: ಮೊದಲು ಬಿಟ್ಟವರಿಗೆ ಆಮೇಲೆ ಕೊಡುವುದು. ಕಾಯುವ ಪಟ್ಟಿ. ಅಷ್ಟರೊಳಗೆ ಸಣ್ಣವನ ಪರೀಕ್ಷೆ ಮುಗಿದಿರುತ್ತದೆ ಎಂದಳು. ಹೋದ ವಾರ ಟಸ್ಕೀಗಿಯ ಪಾಠ ಆಗಿತ್ತು. 1932ರಿಂದ 1972ರವರೆಗೆ, ಅಮೆರಿಕದ ಸರ್ಕಾರಿ ಆರೋಗ್ಯ ಸೇವೆಯವರು ಸಿಫಿಲಿಸ್ ತಗುಲಿದ ನೂರಾರು ಕಪ್ಪು ಜನರನ್ನು, ಪೆನಿಸಿಲಿನ್ ಬಂದ ಮೇಲೂ ಕೊಡದೆ, ರೋಗ ಹೇಗೆ ಮುಂದುವರಿಯುತ್ತದೆ ಎಂದು ಸುಮ್ಮನೆ ನೋಡುತ್ತಾ ಇದ್ದರು. ಅಂದು ಟಿಪ್ಪಣಿ ಮಾಡಿಕೊಂಡು ಮೆಸ್ಸಿಗೆ ಹೋಗಿದ್ದೆ, ಉಂಡಿದ್ದೆ. ಇಂದು ಅಮ್ಮಮ್ಮನ ಮುಂದೆ ‘ನಿಯಂತ್ರಿತ ಗುಂಪು’ ಎನ್ನಲು ನಾಲಿಗೆ ತಡವರಿಸಿತು. ತಂಬುಳಿಗೂ ಪೆನಿಸಿಲಿನ್ನಿಗೂ ಹೋಲಿಕೆಯಿಲ್ಲ, ನಿಜ. ತಂಬುಳಿ ತಪ್ಪಿದರೆ ಯಾರೂ ಸಾಯುವುದಿಲ್ಲ. ಆದರೂ.

ಇನ್ನೊಂದು ರಗಳೆ. ಹುಡುಕಿದಾಗ ಸಿಕ್ಕ ಸಂಶೋಧನೆಗಳಲ್ಲಿ ಹೆಚ್ಚಿನವು ನೀರುಬ್ರಾಹ್ಮಿಯ ಮೇಲಿನವು; ಒಂದೆಲಗಕ್ಕೂ ಬ್ರಾಹ್ಮಿ ಎನ್ನುತ್ತಾರೆ, ಆದರೆ ಅದು ಬೇರೆಯೇ ಗಿಡ. ಮತ್ತೆ ನನ್ನ ಪ್ರಯೋಗಕ್ಕೆ ಸಿಗುವವರು ಹಾಸ್ಟೆಲಿನ ಹುಡುಗಿಯರು ಮಾತ್ರ, ಅವರಲ್ಲೂ ಒಗರು ತಿನ್ನಲು ಒಪ್ಪುವವರು. ಮನೋವಿಜ್ಞಾನದ ಪ್ರಮುಖ ಪತ್ರಿಕೆಗಳ ಪ್ರಯೋಗಗಳಲ್ಲಿ ಭಾಗವಹಿಸಿದವರಲ್ಲಿ ಶೇಕಡಾ 96ರಷ್ಟು ಜನ, ಪ್ರಪಂಚದ ಜನಸಂಖ್ಯೆಯ ಶೇಕಡಾ 12ರಷ್ಟಿರುವ ಪಾಶ್ಚಾತ್ಯ ಸಿರಿವಂತ ದೇಶಗಳವರು ಎಂಬ ಲೆಕ್ಕ ಓದಿ ನಾವೆಲ್ಲ ಮೂಗು ಮುರಿದಿದ್ದೆವು. ನನ್ನ ಮಾದರಿಯ ಗಡಿ ಹಾಸ್ಟೆಲಿನ ಎರಡನೇ ಮಹಡಿ.

ಅವಳ ಮಾತಿಗೆ ಬರುತ್ತೇನೆ. ‘ನನ್ನ ಮೂವರಲ್ಲಿ’ ಎಂದಳಲ್ಲ. ದೊಡ್ಡ ಮಾವ, ಸಣ್ಣ ಮಾವ, ನನ್ನನ್ನು ಹೆತ್ತ ಆಯಿ. ಅಷ್ಟು ಹೊತ್ತು ನಾವು ಮಾತನಾಡಿದ್ದು ಇಬ್ಬರ ಬಗ್ಗೆ.

“ಆಯಿಯೂ ತಿಂದಿದ್ದಳೇ?”

“ಬಟ್ಟಲು ನೆಕ್ಕುವ ಹಾಗೆ ತಿನ್ನುತ್ತಿದ್ದಳು. ಹತ್ತನೇ ತರಗತಿಯಲ್ಲಿ ದೊಡ್ಡವನಿಗಿಂತ ಅವಳಿಗೇ ಹೆಚ್ಚು ಬಂದಿತ್ತು.”

“ಮತ್ತೆ?”

“ಸಂಜೆ ಬಸ್ಸು ಇರಲಿಲ್ಲವಲ್ಲ ಕೂಸೇ.”

ದೊಡ್ಡ ಮಾವನಿಗೂ ಸಂಜೆ ಬಸ್ಸು ಇರಲಿಲ್ಲ. ಅವನು ಶಿರಸಿಯಲ್ಲಿ ನೆಂಟರ ಮನೆಯಲ್ಲಿದ್ದು ಓದಿದ. ಇದನ್ನು ನಾನು ಹೇಳಲಿಲ್ಲ, ಅವಳೂ ಹೇಳಲಿಲ್ಲ. ಕರೆಂಟು ಹೋಗುವ ಹಾಗಿದೆ ಎಂದು ಫೋನ್ ಇಟ್ಟಳು.

ಒಂದೇ ಮನೆ, ಒಂದೇ ತಾಯಿ, ಒಂದೇ ತಂಬುಳಿ. ಬೇರೆಲ್ಲವನ್ನೂ ಸಮವಾಗಿಟ್ಟು ಒಂದನ್ನು ಮಾತ್ರ ಬದಲಿಸಿ ನೋಡಿ ಎನ್ನುತ್ತದೆ ಪುಸ್ತಕ. ಇಲ್ಲಿ ಬದಲಾದದ್ದು ಯಾವುದು ಎಂದು ಕಾಣಲು ಚೀಟಿ ಎತ್ತಬೇಕಾಗಿಲ್ಲ. ಆಯಿ ಕಾಲೇಜಿಗೆ ಹೋಗಿದ್ದರೆ ಏನಾಗುತ್ತಿದ್ದಳು? ಅವಳು ಹೋಗಿದ್ದರೆ ನಾನು ಇರುತ್ತಿದ್ದೆನೇ ಎಂಬುದೂ ಅದೇ ಪ್ರಶ್ನೆಯೊಳಗಿದೆ, ಅದನ್ನು ಬಿಡಿಸಲು ಹೋಗುವುದಿಲ್ಲ.

ಅವಳನ್ನೇ ಕೇಳಬೇಕು. ‘ನಿನಗೆ ಮುಂದೆ ಓದುವ ಆಸೆಯಿತ್ತಲ್ಲವೇ’ ಎಂದು ಕೇಳಿದರೆ ಉತ್ತರವನ್ನು ನಾನೇ ಅವಳ ಬಾಯಿಗೆ ಇಟ್ಟಂತೆ. ‘ಹತ್ತನೇ ತರಗತಿ ಮುಗಿದ ಮೇಲೆ ಏನಾಯಿತು’ ಎನ್ನಬಹುದು, ಅದು ಸ್ವಲ್ಪ ಮೇಲು. ಫೋನಿನಲ್ಲಿ ಬೇಡ. ಚೌತಿಯ ಮುಂಚೆ ಚಕ್ಕುಲಿ ಕಂಬಳಕ್ಕೆ, ಎಂದರೆ ಒಟ್ಟಾಗಿ ಕೂತು ಚಕ್ಕುಲಿ ಮಾಡಲು, ಎಲ್ಲರೂ ಅಮ್ಮಮ್ಮನ ಮನೆಯಲ್ಲಿ ಸೇರುತ್ತಾರೆ; ಕೈಗೆ ಕೆಲಸ, ಬಾಯಿಗೆ ಬಿಡುವು, ಕೇಳಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆದರೆ ದೊಡ್ಡ ಮಾವನೂ ಬಂದಿರುತ್ತಾನೆ, ಅವನೆದುರು ಆಯಿ ಕೊಡುವ ಉತ್ತರ ಬೇರೆ, ನಾವಿಬ್ಬರೇ ಇದ್ದಾಗ ಕೊಡುವುದು ಬೇರೆ, ಹಾಗಿರುವಾಗ ಯಾವುದನ್ನು ನಂಬಲಿ?